ಎಂಟಿಂಚಿಗೆ ಒಂದು ಸುತ್ತು

ಬೆಳಗಿನ ಆರು ಗಂಟೆ. ರೈಫಲ್ ಅಭ್ಯಾಸದ ಮೈದಾನದ ತುದಿಯಲ್ಲಿ ನಲವತ್ತೊಂಬತ್ತರ ಹೆಂಗಸೊಬ್ಬರು ಕಾಗದದ ಗುರಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿದ್ದಾರೆ. ಕಾಗದದಲ್ಲಿ ಐದು ತೂತು. ನಾಲ್ಕು ದುಂಡಗಿವೆ, ಐದನೆಯದು ಮಾತ್ರ ಉದ್ದುದ್ದ. "ನೋಡಿ, ಗುಂಡು ಅಡ್ಡಡ್ಡ ಹೋಗಿದೆ. ಮೂತಿ ಮುಂದೆ ಮಾಡ್ಕೊಂಡು ಹೋಗೋದು ಬಿಟ್ಟು ಪಲ್ಟಿ ಹೊಡೆದಿದೆ. ಈ ಬ್ಯಾರೆಲ್‌ಗೆ ಈ ಗುಂಡು ಭಾರ. ಈ ಮದುವೆ ಆಗಲೇಬಾರದಿತ್ತು." ರೈಫಲ್ಲಿನ ಯಜಮಾನ, ಒಬ್ಬ ನಿವೃತ್ತ ಮೇಷ್ಟ್ರು, ಪಕ್ಕದಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದಾರೆ.

ಮೈದಾನದವರೆಲ್ಲ ಇವರನ್ನು ಕರೆಯುವುದು ಬ್ಯಾರೆಲ್ ಅಕ್ಕ ಎಂದು. ಬ್ಯಾರೆಲ್ ಅಂದರೆ ರೈಫಲ್ಲಿನ ನಳಿಗೆ; ಅದರ ಒಳಗೋಡೆಯಲ್ಲಿ ಸುತ್ತಿಕೊಂಡು ಸಾಗುವ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯ ಹಾಗೆ ತಿರುಗಿಸಿ ನೆಟ್ಟಗೆ ಕಳಿಸುತ್ತವೆ. ಕೆಲವು ನಳಿಗೆಗಳಲ್ಲಿ ಹನ್ನೆರಡಿಂಚಿಗೆ ಒಂದು ಸುತ್ತು, ಕೆಲವದರಲ್ಲಿ ಎಂಟಿಂಚಿಗೇ ಒಂದು. ಭಾರದ, ಉದ್ದನೆಯ ಗುಂಡಿಗೆ ಬೇಗ ಸುತ್ತುವ ನಳಿಗೆ ಬೇಕು, ಹಗುರದ್ದಕ್ಕೆ ನಿಧಾನದ್ದು ಸಾಕು. ಯಾವ ನಳಿಗೆಗೆ ಎಷ್ಟು ತೂಕದ ಗುಂಡು ಎಂದು ಹೇಳುವುದೇ ಅಕ್ಕನ ಕೆಲಸ. ಹದಿನೆಂಟು ವರ್ಷಗಳಿಂದ ಮಾಡುತ್ತಿದ್ದಾರೆ, ವಾರಕ್ಕೆ ಒಂಬತ್ತೋ ಹತ್ತೋ ರೈಫಲ್.

ನಿಜ ಹೇಳಿಬಿಡುತ್ತೇನೆ, ನಾನು ಇಲ್ಲಿಗೆ ಬಂದದ್ದು ಇವರಿಗಾಗಿ ಅಲ್ಲ. ಇವರ ಓರಗಿತ್ತಿಗಾಗಿ. ಮೈದುನನ ಹೆಂಡತಿ ಮುನ್ನೂರು ಮೀಟರ್ ರೈಫಲ್ ಸ್ಪರ್ಧೆಯ ಚಾಂಪಿಯನ್, ಭಾನುವಾರ ರಾಷ್ಟ್ರೀಯ ತಂಡದ ಆಯ್ಕೆ. ನಮ್ಮ ಪತ್ರಿಕೆಯ ಫೋಟೊಗ್ರಾಫರ್ ನಿನ್ನೆ ಆಕೆಯ ನಲವತ್ತು ಫೋಟೊ ತೆಗೆದ. ಅವುಗಳಲ್ಲಿ ಒಂದರಲ್ಲಿ ಮಾತ್ರ, ಮೂಲೆಯಲ್ಲಿ, ಅಕ್ಕನ ಮೊಣಕೈ ಬಂದಿದೆ. ಅದನ್ನು ತೋರಿಸಿದರೆ, "ಮೊಣಕೈ ಲಕ್ಷಣವಾಗಿದೆ, ಬಿಡಿ" ಎಂದರು. ಆ ಮಾತಿನಲ್ಲಿದ್ದ ಖಾರಕ್ಕೆ ನಾನು ಚಾಂಪಿಯನ್ನರನ್ನು ಬಿಟ್ಟು ಇವರ ಹಿಂದೆ ಬಿದ್ದೆ. ಇಪ್ಪತ್ತು ವರ್ಷ ಬೇರೆಯವರ ಗೆಲುವನ್ನೇ ಬರೆದು ಹೊಟ್ಟೆಕಿಚ್ಚುಪಟ್ಟವನು ನಾನು, ಆ ಖಾರದ ರುಚಿ ನನಗೆ ಚೆನ್ನಾಗಿ ಗೊತ್ತು.

ಮೈದಾನದ ಹಿಂದಿನ ಎರಡು ಕೋಣೆಯ ವರ್ಕ್‌ಶಾಪ್ ಮಾವನದು. ಅಕ್ಕ ಸೊಸೆಯಾಗಿ ಬಂದಾಗ ಮಗನಿಗೆ ಬಸ್ಸಿನ ಸ್ಟೀರಿಂಗ್ ಮೇಲೆ ಪ್ರೀತಿ, ಬಂದೂಕು ಬೇಡ. ಹಾಗಾಗಿ ಮಾವ ಕೆಲಸ ಕಲಿಸಿದ್ದು ಸೊಸೆಗೆ. "ಹತ್ತು ವರ್ಷ ದುಡಿದೆ. ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲ ಪುಣ್ಯಾತ್ಮ. ನನಗೂ ಹೊಡೆಯೋ ಆಸೆ ಇತ್ತು, ಎರಡು ಹೆರಿಗೆ ಮುಗಿಯೋ ಹೊತ್ತಿಗೆ ಕಣ್ಣು ಮಂಜಾಯ್ತು. ಆಮೇಲೆ ಮೈದುನನ ಕೈ ಹಿಡಿದು ಇವಳು ಬಂದಳು. ತಮಾಷೆಗೆ ಅಂತ ರೈಫಲ್ ಎತ್ತಿದಳು. ಹತ್ತಕ್ಕೆ ಹತ್ತೂ ನಡುವಿಗೆ! ಮಾವ ಅವತ್ತೇ ಬೆನ್ನು ತಟ್ಟಿದರು."

ಹೊಟ್ಟೆ ಉರಿಯಿತೇ ಎಂದು ಕೇಳುತ್ತೇನೆ. "ಉರೀತಾ ಅಂತ ಕೇಳ್ತೀರಲ್ಲ, ಇನ್ನೂ ಆರಿಲ್ಲ. ಶೋಕೇಸ್‌ನಲ್ಲಿ ಇಪ್ಪತ್ತಾರು ಕಪ್ ಇವೆ. ಧೂಳು ಒರೆಸೋಳು ಯಾರು? ನಾನು."

ಮಾತಾಡುತ್ತಲೇ ಅಕ್ಕ ಹೊಸ ನಳಿಗೆ ಕೂರಿಸಿದ ಓರಗಿತ್ತಿಯ ರೈಫಲ್ಲನ್ನು ಬೆಂಚಿಗೆ ಬಿಗಿಯುತ್ತಾರೆ. ತುದಿಗೆ ಬಟ್ಟೆ ಸುತ್ತಿದ ಉದ್ದನೆಯ ಸರಳನ್ನು ಒಳಗೆ ತೂರಿಸುತ್ತಾರೆ. ಬಟ್ಟೆ ಗೀರುಗಳನ್ನು ಕಚ್ಚಿಕೊಂಡು ಸರಳನ್ನು ತಾನಾಗಿಯೇ ತಿರುಗಿಸಬೇಕು. ಸರಳು ಪೂರ್ತಿ ಒಂದು ಸುತ್ತು ತಿರುಗುವಷ್ಟರಲ್ಲಿ ಎಷ್ಟು ಇಂಚು ಒಳಗೆ ಹೋಯಿತೋ ಅದೇ ನಳಿಗೆಯ ಅಳತೆ. ಕೈ ಸಡಿಲವಾಗಿರಬೇಕು. ಬಿಗಿಹಿಡಿದರೆ ಬಟ್ಟೆ ಗೀರು ತಪ್ಪಿ ಜಾರುತ್ತದೆ, ಅಳತೆ ಸುಳ್ಳಾಗುತ್ತದೆ.

ಇದ್ದಕ್ಕಿದ್ದಂತೆ ಅಕ್ಕನ ದನಿ ತಗ್ಗುತ್ತದೆ. "ಒಂದು ಹೇಳ್ತೀನಿ, ಬರೀಬೇಡಿ. ಮೂರು ವರ್ಷದ ಹಿಂದೆ ಆಯ್ಕೆಗೆ ಮುಂಚೆ ಅವಳ ಬ್ಯಾರೆಲ್ ಅಳೆದದ್ದೂ ನಾನೇ. ಸೆಕೆಂಡ್ ಹ್ಯಾಂಡ್, ಎಷ್ಟಿಂಚಿಗೆ ಒಂದು ಸುತ್ತು ಅಂತ ಮೇಲೆ ಕೊರೆದಿದ್ದ ನಂಬರ್ ಸವೆದುಹೋಗಿತ್ತು. ಕೋಚ್ ಇಲ್ಲೇ ಕೂತು ಅವಳನ್ನ ಹೊಗಳಿದ್ದೇ ಹೊಗಳಿದ್ದು. ನನ್ನ ಮುಷ್ಟಿ ಯಾವಾಗ ಬಿಗಿಯಾಯ್ತೋ ಗೊತ್ತಿಲ್ಲ. ಎಂಟು ಬರಬೇಕಾದ್ದು ಹನ್ನೊಂದು ಬಂತು. ಇನ್ನೊಂದ್ಸಲ ಅಳೀಲಿಲ್ಲ. ಐವತ್ತೈದು ಗ್ರೇನ್ ತೂಕದ ಹಗುರ ಗುಂಡು ಕೊಟ್ಟು ಕಳಿಸಿದೆ."

ಬೆಳಗಿನ ಅಭ್ಯಾಸದಲ್ಲಿ ಗಾಳಿಯಿರಲಿಲ್ಲ, ಹಗುರ ಗುಂಡೂ ಚೆನ್ನಾಗಿಯೇ ಬಡಿಯಿತು. ಸ್ಪರ್ಧೆ ನಡೆದದ್ದು ಮಧ್ಯಾಹ್ನ, ಬೀಸುಗಾಳಿಯಲ್ಲಿ. ಎಂಟಿಂಚಿನ ನಳಿಗೆಗೆ ಕೊಡಬೇಕಾಗಿದ್ದ ಎಂಬತ್ತು ಗ್ರೇನಿನ ಭಾರದ ಗುಂಡು ಗಾಳಿಗೆ ಅಷ್ಟಾಗಿ ಜಗ್ಗುತ್ತಿರಲಿಲ್ಲ, ಹಗುರದ್ದು ಎಡಕ್ಕೆ ಎಡಕ್ಕೆ ಸರಿಯಿತು. ಎರಡು ಅಂಕದಿಂದ ತಂಡ ತಪ್ಪಿತು. ಎಲ್ಲರೂ ಗಾಳಿಯನ್ನು ಬೈದರು. ವಾರದ ನಂತರ ಅಕ್ಕ ಒಬ್ಬರೇ ಕೂತು ಮತ್ತೆ ಅಳೆದಾಗ ಎಂಟೇ ಬಂತು. ಅವತ್ತಿನಿಂದ ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ಅಷ್ಟರಲ್ಲಿ ಓರಗಿತ್ತಿ ರೈಫಲ್ ಒಯ್ಯಲು ಬರುತ್ತಾರೆ. ನನ್ನನ್ನು ಕಂಡು ತಾವಾಗಿಯೇ ಮಾತು ತೆಗೆಯುತ್ತಾರೆ: "ಹೋದ ಸಲ ನನಗೆ ಗಾಳಿ ಅಂದಾಜು ಮಾಡೋಕೆ ಬರಲಿಲ್ಲ, ಅದನ್ನೂ ಬರೀರಿ. ಮೂರು ವರ್ಷ ದಿನಾ ಮಧ್ಯಾಹ್ನ ಬಿಸಿಲಲ್ಲಿ ಕೂತು ಗಾಳಿ ಯಾವ ಕಡೆ ಅಂತ ಮೈದಾನದ ಬಾವುಟ ನೋಡಿದೀನಿ. ಈ ಸಲವೂ ಕೈಲಾಗಲಿಲ್ಲ ಅಂದ್ರೆ ರೈಫಲ್ ಮಾರಿಬಿಡ್ತೀನಿ. ನನ್ನ ತಲೇಲೇ ಏನೋ ದೋಷ ಇದೆ ಅಂತ ಆಯ್ತು."

ಅಕ್ಕ ಸರಳನ್ನು ಬೆಂಚಿನ ಮೇಲಿಡುತ್ತಾರೆ. "ನಿನ್ನ ತಲೇಲಿ ಏನೂ ದೋಷ ಇಲ್ಲ ಕಣೆ. ಹೋದ ಸಲ ಬ್ಯಾರೆಲ್ ಅಳತೆ ತಪ್ಪು ಮಾಡಿದ್ದು ನಾನು. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕೈ ಬಿಗಿಯಾಯ್ತು. ಗೊತ್ತಾದ ಮೇಲೂ ಹೇಳಲಿಲ್ಲ."

ಓರಗಿತ್ತಿ ಬಾಗಿಲತನಕ ಹೋಗಿ ಹಿಂತಿರುಗುತ್ತಾರೆ. "ಮೂರು ವರ್ಷ ಅಕ್ಕಾ. ಒಂದೇ ಒಲೆ ಮುಂದೆ ನಿಂತಿದೀವಿ." ಹೊರಗೆ ಯಾರೋ ಗುಂಡು ಹಾರಿಸುತ್ತಿದ್ದಾರೆ. ನಾನು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತಿದ್ದೇನೆ.

"ಇದು ಎಷ್ಟು?" ಕೊನೆಗೆ ಓರಗಿತ್ತಿ ಹೊಸ ನಳಿಗೆಯತ್ತ ಕಣ್ಣು ಹಾಯಿಸಿ ಕೇಳುತ್ತಾರೆ.

"ಎಂಟು."

"ನನ್ನೆದುರಿಗೆ ಅಳೆದು ತೋರಿಸು."

ಅಕ್ಕ ಅಳೆಯುತ್ತಾರೆ. ಓರಗಿತ್ತಿ ನೋಡುವುದು ಸರಳನ್ನಲ್ಲ, ಅದನ್ನು ಹಿಡಿದ ಬೆರಳುಗಳನ್ನು. ಮೂರು ಸಲವೂ ಎಂಟೇ. ಆಕೆ ಎಂಬತ್ತು ಗ್ರೇನಿನ ಡಬ್ಬಿಯನ್ನೂ ನಳಿಗೆ ಕೂರಿಸಿದ ರೈಫಲ್ಲನ್ನೂ ಎತ್ತಿಕೊಂಡು, ಬರುತ್ತೇನೆ ಎಂದೂ ಹೇಳದೆ ಹೊರಟುಹೋಗುತ್ತಾರೆ.

"ಈಗ ಬರ್ಕೊಳ್ಳಿ, ಎಲ್ಲಾನೂ" ಎನ್ನುತ್ತಾರೆ ಅಕ್ಕ. ಆಕೆ ಕ್ಷಮಿಸುತ್ತಾರೆಂದು ಅನಿಸುತ್ತದೆಯೇ ಎಂದರೆ ಭುಜ ಕುಣಿಸುತ್ತಾರೆ. ಭಾನುವಾರ ಏನಾಗಬೇಕೆಂದು ನಿಮ್ಮ ಆಸೆ ಎಂದು ಕೇಳಿದ್ದಕ್ಕೆ, ಎಣ್ಣೆಯ ಕೈ ಒರೆಸಿಕೊಳ್ಳುತ್ತಾರೆ.

"ಅವಳು ಗೆದ್ರೆ ನನಗೆ ಹೊಟ್ಟೆ ಉರಿಯುತ್ತೆ. ಉರೀಲಿ. ಸೋತ್ರೆ ಈ ಸಲ ಗಾಳಿಗೇ ಸೋಲ್ಬೇಕು, ನನಗಲ್ಲ."