ಕಿನುಯೊ ಕಾಪಾಡಿದ ಗುಟ್ಟು

ಜಪಾನಿನ ಒಕಾಯಾ ಊರಿನ ಕಿನುಯೊ ಮೂಲಂಗಿಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡದೆ ಕೊಂಡವಳಲ್ಲ. ಹುಟ್ಟುಗುಣವೇನಲ್ಲ, ಕೆಲಸ ಅಂಟಿಸಿದ ಚಾಳಿ. ಹುಡುಗಿಯಾಗಿದ್ದಾಗ ಕಾರ್ಖಾನೆಯೊಂದರಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಯುದ್ಧದಲ್ಲಿ ಆ ಕಾರ್ಖಾನೆ ಮುಚ್ಚಿದಾಗ ಶಿರಾಕಬ ಕಂಪನಿ ಅವಳನ್ನು ಫಿರಂಗಿ ದುರ್ಬೀನಿನ ಗಾಜು ಉಜ್ಜಲು ಕೂರಿಸಿತು. ದೇಶ ಸೋತ ಮೇಲೆ ಅದೇ ಕೈಗಳು ಕ್ಯಾಮೆರಾ ಗಾಜು ಉಜ್ಜಿದವು. ಮೊದಮೊದಲು ಜರ್ಮನ್ ಕ್ಯಾಮೆರಾಗಳ ನಕಲು; ಅಮೆರಿಕದ ಸೈನಿಕರು ಅಗ್ಗವೆಂದು ಕೊಂಡರು. ಬರಬರುತ್ತಾ ಕಂಪನಿಗೆ ಸ್ವಂತ ಬುದ್ಧಿ ಬಂತು. ಈಗ ಒಳಗೊಂದು ಕನ್ನಡಿಯಿಟ್ಟು, ಕಣ್ಣಿಗೆ ಕಂಡದ್ದೇ ಫಿಲ್ಮಿಗೂ ಬೀಳುವಂಥ ಹೊಸ ಕ್ಯಾಮೆರಾ ಸಿದ್ಧವಾಗುತ್ತಿತ್ತು.

"ಬೇರೆ ಕಂಪನಿಯೋರು ಊರಲ್ಲಿ ಸುಳಿದಾಡ್ತಿದ್ದಾರೆ. ಮನೇಲೂ ಬಾಯಿ ಬಿಡಬೇಡಿ" ಎಂದಿದ್ದ ಮೇಸ್ತ್ರಿ ಒಜಾವಾ. ಕಿನುಯೊಗೆ ಅಷ್ಟು ಸಾಕಾಯಿತು. ಅಂಚೆಯವನ ಮೇಲೂ ಅವಳಿಗೆ ಗುಮಾನಿ.

ತಂದೆತಾಯಿ ಹೋದ ಮೇಲೆ ತಂಗಿ ಸಚಿಯನ್ನು ಸಾಕಿದವಳು ಅವಳೇ. ಸಚಿಗೆ ಇಪ್ಪತ್ತಾರು, ಊರವರ ಬಾಯಲ್ಲಿ ಮೀರಿದ ವಯಸ್ಸು. ಕೊನೆಗೂ ಸಂಬಂಧ ಕುದುರಿಸುವ ಮಿಯಸಾಕಾ ಅಮ್ಮ ಮತ್ಸುಮೊತೊ ಊರಿನ ಹುಡುಗನೊಬ್ಬನನ್ನು ತೋರಿಸಿದ್ದರು. ಇಬ್ಬರೂ ಒಪ್ಪಿದ್ದರು. ಸಚಿ ಪಾತ್ರೆ ತೊಳೆಯುವಾಗಲೂ ಗುನುಗತೊಡಗಿದ್ದಳು. ಇದು ತಪ್ಪಿದರೆ ಇನ್ನೊಂದು ಬರುವಂತಿರಲಿಲ್ಲ.

ಆ ವಾರವೇ ತೋಫು ಅಂಗಡಿಯ ಹಮಾ ಅಜ್ಜಿ ಕರೆದಳು. "ಏ ಕಿನುಯೊ, ಟೋಪಿಯೋನೊಬ್ಬ ಬಂದಿದ್ದ ಕಣೇ. ನೀನು ಎಷ್ಟೊತ್ತಿಗೆ ಬರ್ತೀಯ, ಮನೆಗೆ ಯಾರ್ಯಾರು ಬರ್ತಾರೆ, ನಿನ್ನ ಕಣ್ಣು ಕೈ ಗಟ್ಟಿಯಾಗಿದ್ಯಾ ಅಂತೆಲ್ಲಾ ಕೇಳ್ದ."

"ನನ್ನ ಕಣ್ಣು ಕಟ್ಕೊಂಡು ಅವನಿಗೇನಾಗ್ಬೇಕು? ಕಳ್ಳ! ನನ್ನ ಬೇರೆ ಕಂಪನಿಗೆ ಹಾರಿಸ್ಕೊಂಡು ಹೋಗೋಕೆ ಬಂದಿದ್ದಾನೆ. ಮತ್ತೆ ಬಂದ್ರೆ ಹೇಳಜ್ಜಿ, ಅವಳಿಗೆ ಕಣ್ಣು ಹೋಗ್ತಿದೆ, ಕೈ ನಡುಗತ್ತೆ, ಅವರಪ್ಪಂಗೂ ಹೀಗೇ ಆಗಿತ್ತು ಅಂತ."

"ಅಯ್ಯೋ, ಅಷ್ಟೊಂದು ಸುಳ್ಳಾ?"

"ಸಾಲದಿದ್ರೆ ನಿಂದೂ ಒಂದೆರಡು ಸೇರಿಸು."

ಅಜ್ಜಿ ಸೇರಿಸಿಯೇ ಹೇಳಿದಳು. ಟೋಪಿಯವನು ತಲೆಬಾಗಿ ವಂದಿಸಿ ಹೊರಟವನು ಮತ್ತೆ ಬರಲಿಲ್ಲ. ಸುದ್ದಿ ಕೇಳಿ ಒಜಾವಾ ಎಲ್ಲರೆದುರು ಭೇಷ್ ಅಂದ. ಕಿನುಯೊಗೆ ಹೆಮ್ಮೆಯೋ ಹೆಮ್ಮೆ.

ಭಾನುವಾರ ಮಿಯಸಾಕಾ ಅಮ್ಮ ಬಂದರು. ಸಚಿ ಚಹಾ ತಂದಿಟ್ಟಳು. ಅವರು ಲೋಟ ಮುಟ್ಟದೆ, ಹುಡುಗನ ಮನೆಗೆ ಕೊಟ್ಟಿದ್ದ ಸಚಿಯ ಫೋಟೋವನ್ನು ಚಾಪೆಯ ಮೇಲಿಟ್ಟರು.

"ಅವರು ವಿಚಾರಿಸೋಕೆ ಜನ ಕಳಿಸಿದ್ರಂತೆ. ನಿಮ್ಮ ಮನೆತನದಲ್ಲೇ ಕಣ್ಣು ಹೋಗೋ ಕಾಯಿಲೆ ಇದೆಯಂತಲ್ಲ? ನನ್ನ ಹತ್ರನಾದ್ರೂ ಹೇಳ್ಬಾರ್ದಿತ್ತಾ, ಕಿನುಯೊ?"

ಹೆಣ್ಣು ತರುವ ಮುಂಚೆ ನೆರೆಕೆರೆಯಲ್ಲಿ ವಿಚಾರಿಸುವುದು ಆ ಕಡೆಯ ಮಗುವಿಗೂ ಗೊತ್ತು. ಕಿನುಯೊಗೂ ಗೊತ್ತಿತ್ತು. ಆದರೆ ಅವಳ ತಲೆಯಲ್ಲಿ ಕ್ಯಾಮೆರಾದ ಆ ಹಾಳು ಕನ್ನಡಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಸುಳ್ಳು! ನಾನೇ ಹೇಳ್ಸಿದ್ದು! ಅವನು ಕಂಪನಿ ಕಳ್ಳ ಅಂತ... ನಾಳೇನೇ ಮತ್ಸುಮೊತೊಗೆ ಹೋಗ್ತೀನಿ, ಅವರೆದುರಿಗೇ ಸೂಜಿ ಪೋಣಿಸಿ ತೋರಿಸ್ತೀನಿ!"

"ನಿನಗೆ ತೋರ್ಸೋಕಾಗತ್ತೆ. ನಿಮ್ಮಪ್ಪನ್ನ ಎಲ್ಲಿಂದ ಕರ್ಕೊಂಡು ಬರ್ತೀಯ?" ಎಂದು ಮಿಯಸಾಕಾ ಅಮ್ಮ ಎದ್ದರು.

ಸಚಿ ಅವರನ್ನು ಬಾಗಿಲವರೆಗೆ ಬಿಟ್ಟು, ಬಗ್ಗಿ ವಂದಿಸಿ ಒಳಗೆ ಬಂದಳು. ಬೈಯಲಿಲ್ಲ, ಅಳಲೂ ಇಲ್ಲ.

"ಹೋಗ್ಲಿ ಬಿಡಕ್ಕಾ. ನಿನ್ನ ಕಂಪನಿ ಗುಟ್ಟು ಉಳೀತಲ್ಲ."