ನೆಲ ಮುಟ್ಟದ ಬುಟ್ಟಿ

ಹುಬ್ಬಳ್ಳಿಯಲ್ಲಿ ರೈಲು ಇಳಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಲ್ಲಿಂದ ಧಾರವಾಡಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಬಸ್ಸುಗಳು ಒಂದರ ಹಿಂದೊಂದು ಓಡುತ್ತಿರುವಾಗ ನಡೆದುಹೋಗುವ ಹುಚ್ಚು ಯಾಕೆ ಎಂದು ದಾವಣಗೆರೆಯಲ್ಲಿ ನನ್ನ ಮನೆಯವರು ನಕ್ಕಿದ್ದರು. ನನ್ನ ಎಡ ಮೊಣಕಾಲಿನ ಅಭಿಪ್ರಾಯವೂ ಅದೇ ಆಗಿತ್ತು.

ನನ್ನನ್ನು ಕರೆಸಿದ್ದು ರೇಣುಕಾ. ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಸಿಕ್ಕಾಗಲೆಲ್ಲ ನನ್ನೊಡನೆ ಜಗಳವಾಡುತ್ತಾಳೆ, ಹಾಗಾಗಿ ಒಳ್ಳೆಯ ಗೆಳತಿ. ಗೋಪನಕೊಪ್ಪದಿಂದಾಚೆ ಇರುವ ಅವಳ ದಲಿತ ಓಣಿಗೆ ಆಟೋದಲ್ಲಿ ಹೋದೆ. ಓಣಿಯವರ ಸ್ಮಶಾನಕ್ಕೆ ಹೋಗುವ ಹಳೆಯ ಗಾಡಿದಾರಿ ಈಗ ಹೊಸ ಬಡಾವಣೆಯೊಂದರ ಕಾಂಪೌಂಡಿನೊಳಗೆ ಸೇರಿಕೊಂಡಿದೆ. ಗೇಟಿಗೆ ಬೀಗ. ಊರಾಚೆ ಬೇರೆ ಸ್ಮಶಾನವಿದೆ, ಅಲ್ಲಿಗೆ ಹೋಗಿ ಎಂದು ಹೇಳಿ ಬಡಾವಣೆಯವರು ಕೈತೊಳೆದುಕೊಂಡಿದ್ದಾರೆ. ಅದಕ್ಕೇ ಈ ನಡಿಗೆ.

ರೇಣುಕಾಳ ಚಿಕ್ಕಮ್ಮ ಯಲ್ಲವ್ವನ ಗಂಡ ಫಕೀರಪ್ಪನನ್ನು ಹೋದ ವರ್ಷ ಓಣಿಯ ಆ ಹಳೆಯ ಸ್ಮಶಾನದಲ್ಲೇ ಮಣ್ಣು ಮಾಡಿದ್ದರು. ಆಗ ಗೋಡೆ ಇರಲಿಲ್ಲ. ಇವತ್ತು ಅವನಿಗೆ ವರ್ಷದ ಎಡೆ. ಗೋರಿಯ ಮೇಲಿಡಬೇಕಾದ ಎಡೆಬುಟ್ಟಿಯನ್ನು ಖಾಲಿಯಾಗಿಯೇ ಹೊತ್ತು ಧಾರವಾಡದ ಜಿಲ್ಲಾಧಿಕಾರಿ ಕಚೇರಿಗೆ ಹೋಗುವುದು, ಸಾಹೇಬರಿಗೆ ತೋರಿಸುವುದು ಎಂದು ರೇಣುಕಾಳ ಲೆಕ್ಕಾಚಾರವಿತ್ತು. ಆದರೆ ಯಲ್ಲವ್ವ ನಸುಕಿನಲ್ಲೆದ್ದು ಹುಗ್ಗಿ, ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ, ಗಂಡನಿಗೆ ಇಷ್ಟವಾದ ಮೆಣಸಿನಕಾಯಿ ಭಜಿ ಕರಿದು ಬುಟ್ಟಿ ತುಂಬಿಬಿಟ್ಟಿದ್ದಳು. ರೇಣುಕಾ ತಲೆ ಮೇಲೆ ಕೈಹೊತ್ತು ಕುಳಿತಳು. ಮನೆಯಿಂದ ಹೊರಬಿದ್ದ ಎಡೆ ಗೋರಿ ಮುಟ್ಟುವವರೆಗೆ ನೆಲಕ್ಕಿಡುವ ಹಾಗಿಲ್ಲ. ಗೋರಿ ಗೋಡೆಯ ಆಚೆ, ನಾವು ಹೊರಟಿದ್ದು ಧಾರವಾಡಕ್ಕೆ.

"ಖಾಲಿ ಬುಟ್ಟಿ ಹೊತ್ತರ ಅವರಿಗೆ ಮೋಸ ಮಾಡಿಧಂಗ ಆಗತೈತಿ" ಎಂದಳು ಯಲ್ಲವ್ವ. ಅವರು ಎಂದರೆ ಫಕೀರಪ್ಪ. ರೇಣುಕಾ ಎದ್ದು ಬುಟ್ಟಿ ಎತ್ತಿಕೊಟ್ಟಳು.

ನೀಲಿ ಬಾವುಟಗಳೊಂದಿಗೆ ಹೊರಟೆವು. ಹೆಂಗಸರು ಬುಟ್ಟಿಯನ್ನು ತಲೆಯಿಂದ ತಲೆಗೆ ದಾಟಿಸುತ್ತಿದ್ದರು. ಉಣಕಲ್ ಕೆರೆಯ ಹತ್ತಿರ ನೀರು ಕುಡಿದೆವು. ನವನಗರದಲ್ಲಿ ಹೋಟೆಲಿನವನೊಬ್ಬ ಎಲ್ಲರಿಗೂ ಗಿರಮಿಟ್ ಕೊಟ್ಟು ದುಡ್ಡು ಬೇಡವೆಂದ. ಎಲ್ಲರೂ ಕೂತು ತಿಂದರು, ಬುಟ್ಟಿ ಹೊತ್ತವಳು ನಿಂತೇ ತಿಂದಳು. ಸತ್ತೂರ ಬರುವಷ್ಟರಲ್ಲಿ ಬಿಸಿಲು ಚುರುಕಾಗಿತ್ತು. ಆಸ್ಪತ್ರೆಯ ಎದುರು ನಿಂತಿದ್ದವರು ಯಾರು ತೀರಿಕೊಂಡರೆಂದು ಕೇಳಿದರು, ಹೋದ ವರ್ಷ ಎಂದಾಗ ಮುಖಮುಖ ನೋಡಿಕೊಂಡರು.

ಅಲ್ಲಿಂದ ಮುಂದೆ ಸ್ವಲ್ಪ ದೂರ ಬುಟ್ಟಿ ನನ್ನ ತಲೆಗೆ ಬಂತು. ಹೊರುವುದು ರೂಢಿಯಿಲ್ಲದವಳು ನಾನು, ಎಡವಿದರೆ ಗತಿಯೇನು ಎಂದು ಜೀವ ಕೈಯಲ್ಲಿ ಹಿಡಿದು ನಡೆದೆ. ದೆವ್ವ ದೇವರು ಯಾವುದನ್ನೂ ನಂಬದ ರೇಣುಕಾ, ಬೀಳಿಸಿದರೆ ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಹೆದರಿಸುತ್ತ, ಒಂದು ಕೈ ಬುಟ್ಟಿಯ ಕೆಳಗಿಟ್ಟುಕೊಂಡೇ ಬಂದಳು. ಲಕಮನಹಳ್ಳಿಯಲ್ಲಿ ಯಲ್ಲವ್ವ ಅದನ್ನು ಮರಳಿ ತನ್ನ ತಲೆಗೇ ಏರಿಸಿಕೊಂಡಳು.

ಧಾರವಾಡದ ಕಚೇರಿಯ ವರಾಂಡಕ್ಕೆ ಅಧಿಕಾರಿಯೊಬ್ಬರು ಬಂದರು. ಸಂಭಾವಿತ ಮನುಷ್ಯ. ಕುರ್ಚಿ ತರಿಸಿ, ಬುಟ್ಟಿ ಇಳಿಸಿ ಕೂತು ಮಾತಾಡಿ ಎಂದರು.

"ಇಲ್ಲೆ ಇಳಸಾಕ ಬರೂದಿಲ್ರಿ" ಎಂದಳು ಯಲ್ಲವ್ವ. "ಇಳಸೂ ಜಾಗಾ ನೀವ ಕೊಡಬೇಕು."

ಅವಳು ನಿಂತಿರುವಾಗ ಅವರಿಗೂ ಕೂರಲಾಗಲಿಲ್ಲ. ನಿಂತುಕೊಂಡೇ ಎಲ್ಲ ಕೇಳಿಸಿಕೊಂಡರು. ಸರ್ವೆ ಆಗಬೇಕು, ಸಮಯ ಹಿಡಿಯುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ ಒಂದು ಉಪಾಯ ಹೇಳಿದರು: ಈಗಲೇ ಜೀಪು ಕೊಡುತ್ತೇನೆ, ಗೇಟು ತೆರೆಸುತ್ತೇನೆ, ತಾಯಿ ಒಬ್ಬರೇ ಹೋಗಿ ಎಡೆ ಇಟ್ಟು ಬರಲಿ.

ಯಲ್ಲವ್ವನ ಮುಖ ನೋಡಲಾಗಲಿಲ್ಲ. ದಾರಿಯುದ್ದಕ್ಕೂ ಅವಳು ಹೇಳಿಕೊಂಡು ಬಂದಿದ್ದು ಒಂದೇ ಮಾತು, ಇವತ್ತು ಎಡೆ ಮುಟ್ಟದಿದ್ದರೆ ಅವರು ಉಪವಾಸ ಇರುತ್ತಾರೆ ಅಂತ. ಹೂಂ ಅಂದುಬಿಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವಳು ಹಿಂದೆ ತಿರುಗಿ, ನಡೆದು ದಣಿದ ಓಣಿಯವರನ್ನೆಲ್ಲ ಒಮ್ಮೆ ನೋಡಿದಳು.

"ನನ್ನ ಒಬ್ಬಾಕಿಗಿ ತಗದ ಬಾಗಲಾ ನಾ ಹೊಳ್ಳಿ ಬರತಿದ್ಧಂಗ ಮುಚ್ಚತಾರ್ರಿ, ಸಾಹೇಬ್ರ. ತಗದ್ರ ಎಲ್ಲಾರಿಗೂ ತಗೀರಿ."

ಅಧಿಕಾರಿ ನಾಳೆ ಬೆಳಿಗ್ಗೆ ತಾವೇ ಬಂದು ನೋಡುವುದಾಗಿ ಹೇಳಿದರು. ಇಂಥ ನಾಳೆಗಳನ್ನು ಬೇಕಾದಷ್ಟು ಕಂಡಿದ್ದ ಓಣಿಯವರು ಗೊಣಗುತ್ತ ಹೊರಟರು.

ಬಸ್ಸಿನಲ್ಲಿ ಮರಳಿದೆವು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರೆ ನಡೆಯುತ್ತದೆಯೇ ಎಂಬ ಚರ್ಚೆ ಉಣಕಲ್‌ವರೆಗೂ ನಡೆಯಿತು. ಅದು ಬಗೆಹರಿಯಲಿಲ್ಲ, ರೇಣುಕಾ ಅಷ್ಟೂ ದೂರ ಅದನ್ನು ಎದೆಗವಚಿ ನಿಂತೇ ಬಂದಳು. ಸಂಜೆ ಎಲ್ಲರೂ ಬೀಗ ಹಾಕಿದ ಗೇಟಿನ ಮುಂದೆ ಸೇರಿದೆವು. ಇನ್ನು ಹೊರುವ ಶಕ್ತಿ ಯಾರಿಗೂ ಇರಲಿಲ್ಲ. ಗೋಡೆಯ ಪಕ್ಕ ಒಂದು ಬೇವಿನ ಮರ. ಯಲ್ಲವ್ವ ಸೀರೆಯ ಸೆರಗು ಹರಿದು ಬುಟ್ಟಿಯನ್ನು ಕೊಂಬೆಗೆ ಕಟ್ಟಿಸಿದಳು. ಮಣ್ಣು ಮುಟ್ಟಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಆದರೆ ಅಳು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ರೈಲಿಗೆ ಹೊರಡುವ ಮುಂಚೆ ಅಲ್ಲಿಗೆ ಹೋದೆ. ಕೊಂಬೆಯ ತುಂಬ ಕಾಗೆಗಳು. ಹುಗ್ಗಿ, ಭಜಿ, ರೊಟ್ಟಿ ಒಂದೂ ಉಳಿದಿರಲಿಲ್ಲ. ಕಾಗೆ ಮುಟ್ಟಿದರೆ ಸತ್ತವರು ಉಂಡಂತೆ. ಮರದಡಿ ನಿಂತಿದ್ದ ಯಲ್ಲವ್ವನ ಮುಖ ಅರಳಿತ್ತು. ಕಾಗೆಗಳನ್ನು ನಂಬದ ರೇಣುಕಾಳೂ ಕಣ್ಣೊರೆಸಿಕೊಂಡಳು, ನನ್ನದೂ ಅದೇ ಪಾಡು. ಆದರೆ ಯಲ್ಲವ್ವ ಮನೆಗೆ ಹೋಗಲಿಲ್ಲ. ಖಾಲಿ ಬುಟ್ಟಿ ಇಳಿಸಿಕೊಂಡು ಗೇಟಿಗೆ ಬೆನ್ನು ಕೊಟ್ಟು ಕೂತಳು.

ನನ್ನ ರೈಲು ತಪ್ಪಿತು. ಬಿಸಿಲೇರಿದ ಮೇಲೆ ಜೀಪು ಬಂತು, ಸಾಹೇಬರು ಮಾತು ಉಳಿಸಿಕೊಂಡಿದ್ದರು. ಅವರ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಎಡೆ ಮುಟ್ಟಿತಂತೆ ಎಂದು ಯಾರೋ ಹೇಳಿದಾಗ ಅವರ ಮುಖದಲ್ಲಿ ನಿರಾಳ ಕಾಣಿಸಿತು. ಹಾಗಾದರೆ ತುರ್ತೇನಿಲ್ಲವಲ್ಲ, ಸರ್ವೆ ಆಗುವವರೆಗೆ ತಡೆಯಬಹುದಲ್ಲ ಎಂದರು.

ಯಲ್ಲವ್ವ ಕೂತಲ್ಲಿಂದ ಏಳಲಿಲ್ಲ.

"ಅವರ ಊಟ ಆತ್ರಿ, ಸಾಹೇಬ್ರ. ಇನ್ನ ದಾರಿ ಬೇಕಾಗಿರೂದು ನನಗ."

ಸಾಹೇಬರು ಅವಳ ನರೆತ ತಲೆಯನ್ನು ನೋಡಿದರು. ಆಮೇಲೆ ವಾಚ್‌ಮನ್ ಕಡೆ ತಿರುಗಿ ಬೀಗದ ಕೈ ಕೇಳಿದರು.