ಹುಳುವಿನ ಬೆನ್ನ ಮೇಲಿನ ನೇರ ಗೆರೆ

ಚಪ್ಪಲಿ ಬಿಡಿಸಿ, ಕೈ ತೊಳೆಸಿ, ಬ್ಲೀಚಿಂಗ್ ಪುಡಿಯ ಮೇಲೆ ಎರಡೂ ಪಾದ ಊರಿಸಿದ ಮೇಲೆಯೇ ಚಿಕ್ಕಮ್ಮ ನನ್ನನ್ನು ಹುಳುಮನೆಯೊಳಗೆ ಬಿಟ್ಟರು. ರೇಷ್ಮೆ ಹುಳುವಿಗೆ ರೋಗ ತಗಲೀತೆಂದು ಸಾದಲಿಯಲ್ಲಿ ನೆಂಟರನ್ನೂ ಸುಲಭಕ್ಕೆ ಒಳಗೆ ಸೇರಿಸುವುದಿಲ್ಲ. ಅಂಥದ್ದರಲ್ಲಿ ಅವರೇ ನನ್ನನ್ನು ಕರೆಸಿದ್ದರು.

ಕಾರಣ, ಹಿಂದಿನ ದಿನ ಅವರು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದ ಫೋಟೊ. ಅದರಲ್ಲಿದ್ದ ಹುಳುವಿನ ಮೈ ಉದ್ದಕ್ಕೂ ಎಡಗಡೆ ಬರೀ ಬಿಳುಪು, ಬಲಗಡೆ ಕಪ್ಪು ಪಟ್ಟೆ; ಎರಡನ್ನೂ ಬೇರ್ಪಡಿಸುವಂತೆ ನಡುಬೆನ್ನಿಗೆ ನೇರ ಗೆರೆ. ಚಿಂತಾಮಣಿಯಲ್ಲಿ ವಿಜ್ಞಾನ ಪಾಠ ಮಾಡುವ ನಾನು, ‘ಇದು ಫೇಕ್. ಇಷ್ಟು ನೇರ ಗೆರೆ ಕಂಪ್ಯೂಟರ್ ಮಾತ್ರ ಎಳೆಯುತ್ತೆ’ ಎಂದು ಬರೆದಿದ್ದೆ. ಫೋಟೊ ಎಲ್ಲಿಂದಲೋ ಬಂದದ್ದೋ, ಚಿಕ್ಕಮ್ಮನೇ ತೆಗೆದದ್ದೋ ಎಂದು ಕೇಳುವ ವ್ಯವಧಾನವೂ ನನಗಿರಲಿಲ್ಲ.

ಚಿಕ್ಕಮ್ಮ ಹಿಪ್ಪುನೇರಳೆ ಎಲೆಯೊಂದನ್ನು ಎತ್ತಿ ಹಿಡಿದರು. ಅದೇ ಹುಳು ಎಲೆ ಮೇಯುತ್ತಿತ್ತು. ಒದ್ದೆ ಬೆರಳಿನಿಂದ ಮೆಲ್ಲಗೆ ಸವರಿದೆ. ಬಣ್ಣ ಬೆರಳಿಗೆ ಹತ್ತಲಿಲ್ಲ.

“ಈ ತಳಿಲಿ ಪಟ್ಟೆ ಇದ್ರೆ ಹೆಣ್ಣು, ಇಲ್ದಿದ್ರೆ ಗಂಡು. ಇದು ಎರಡೂ ಕಣಮ್ಮ. ಇಷ್ಟು ವರ್ಷ ಹುಳ ಮೇಯಿಸಿದೀನಿ, ಇಂಥದ್ದು ಇದೇ ಮೊದ್ಲು” ಎಂದರು.

ನಾನೂ ಒಂದು ಫೋಟೊ ತೆಗೆದು, ‘ನಿಜ, ಕಣ್ಣಾರೆ ನೋಡಿದೆ’ ಎಂದು ಗುಂಪಿಗೆ ಹಾಕಿದೆ. ಗೌರಿಬಿದನೂರಿನ ದೊಡ್ಡಪ್ಪ ನಿಮಿಷದಲ್ಲೇ ಉತ್ತರಿಸಿದರು: ‘ಇಷ್ಟು ನೇರ ಗೆರೆ ಕಂಪ್ಯೂಟರ್ ಮಾತ್ರ ಎಳೆಯುತ್ತೆ ಅಂತ ನೀನೇ ಹೇಳಿದ್ಯಲ್ಲಮ್ಮ.’

ಆ ಹುಳು ಕಟ್ಟಿದ ಗೂಡನ್ನು ಚಿಕ್ಕಮ್ಮ ಮಾರದೆ ಡಬ್ಬಿಯಲ್ಲಿ ಇಟ್ಟಿದ್ದಾರೆ. ಚಿಟ್ಟೆ ಹೊರಬಂದರೆ ಫೋಟೊ ಕಳಿಸುವುದಿಲ್ಲವಂತೆ; ನೋಡಬೇಕಿದ್ದರೆ ಕಾಲಿಗೆ ಪುಡಿ ಮೆತ್ತಿಕೊಂಡು ನಾನೇ ಬರಬೇಕಂತೆ.